ಖಾಲಿ ಉಳಿದ ಒಂದು ಹೆಸರು



ವಾರವೆಲ್ಲ ನನಗೆ ಕಾಫಿ ತೋಟದ ಕೆಲಸ. ಭಾನುವಾರ ಮಾತ್ರ ಟಿಪ್ಪಣಿ ಪುಸ್ತಕ ಹಿಡಿದು ಐನ್‌ಮನೆಗಳಿಗೆ ಹೋಗಿ ವಂಶಾವಳಿ ಬರೆದುಕೊಳ್ಳುವುದು ನನ್ನ ಹವ್ಯಾಸ. ನಡಿಕೇರಿಯಂಡ ಚಿಣ್ಣಪ್ಪನವರು ಕೊಡವರ ಹಾಡು, ಪದ್ಧತಿಗಳನ್ನು ಸಂಗ್ರಹಿಸಿ 1924ರಲ್ಲಿ ‘ಪಟ್ಟೋಲೆ ಪಳಮೆ’ ಪ್ರಕಟಿಸಿದರು. ನನಗೆ ಅವರೇ ಮಾದರಿ.

ನಮ್ಮಲ್ಲಿ ಮದುವೆಯಾದ ಹೆಣ್ಣು ಗಂಡನ ಒಕ್ಕಕ್ಕೆ ಸೇರುತ್ತಾಳೆ. ನನ್ನ ಪಟ್ಟಿಯಲ್ಲಿ ಏಳು ತಲೆಮಾರಿನ ಗಂಡಸರ ಹೆಸರು ತುಂಬಿತು. ಮುತ್ತಜ್ಜಿಯ ಹೆಸರು ಸಿಗಲಿಲ್ಲ. ಅದನ್ನು ಬಲ್ಲ ಹಿರಿಯರೊಬ್ಬರಿದ್ದರು. ಮುಂದಿನ ವಾರ ಹೋದರಾಯಿತೆಂದು ತಡಮಾಡಿದೆ. ಅಷ್ಟರಲ್ಲಿ ಅವರು ತೀರಿಕೊಂಡರು. ಆ ಜಾಗ ಇಂದಿಗೂ ಖಾಲಿ.

ಮಕ್ಕಳೇ, ಇಂದೇ ನಿಮ್ಮ ಅಜ್ಜಿಯ ಬಳಿ ಕುಳಿತು ಅವರ ತಾಯಿಯ ಹೆಸರು, ತವರೂರು ಕೇಳಿ ಬರೆದಿಡಿ. ಮುಂದಿನ ವಾರಕ್ಕೆ ಬಿಡಬೇಡಿ.