ಅಪ್ಪಾ, ಕಡ್ಡಿ ನಡೀತಾ ಇದೆ!

ನಾನು ಸಾಫ್ಟ್‌ವೇರ್ ಎಂಜಿನಿಯರ್, ಕೀಟತಜ್ಞ ಅಲ್ಲ. ಮನೆ ಗೋರೆಗಾಂವ್ ಪೂರ್ವದಲ್ಲಿ, ಆರೆ ಕಾಡಿನ ಪಕ್ಕ.

ಒಂದು ಮಳೆಗಾಲದ ರಾತ್ರಿ, ಕರೆಂಟ್ ಹೋಗಿತ್ತು. ಸೊಸೈಟಿ ಗೋಡೆ ಪಕ್ಕದ ದಾಸವಾಳಕ್ಕೆ ಟಾರ್ಚ್ ಬಿಟ್ಟ ಮಗಳು ಕೂಗಿದಳು: "ಅಪ್ಪಾ, ಕಡ್ಡಿ ನಡೀತಾ ಇದೆ!" ನನ್ನ ಅಂಗೈಯಷ್ಟು ಉದ್ದದ ಕಡ್ಡಿಹುಳ. ಹತ್ತಿರ ಹೋದ ಕೂಡಲೇ ನಿಂತುಬಿಡ್ತು. ಕಣ್ಣೆದುರೇ ಇದ್ದದ್ದನ್ನ ಮತ್ತೆ ಹುಡುಕೋಕೆ ಎರಡು ನಿಮಿಷ ಬೇಕಾಯ್ತು.

ಇದರ ದೊಡ್ಡಕ್ಕಂದಿರು ಬೇರೆ ಕಾಡುಗಳಲ್ಲಿದ್ದಾರೆ. ಅಕ್ಕಂದಿರು ಅಂದೆ, ಯಾಕಂದ್ರೆ ಈ ಕುಲದಲ್ಲಿ ಹೆಣ್ಣೇ ದೊಡ್ಡದು. ಬೋರ್ನಿಯೋದ ಫೋಬೇಟಿಕಸ್ ಚಾನಿ ಕಾಲು ಚಾಚಿದರೆ 56.7 ಸೆಂ.ಮೀ. 2014ರಲ್ಲಿ ಚೀನಾದ ಗುವಾಂಗ್‌ಶಿಯಲ್ಲಿ ಸಿಕ್ಕಿದ್ದು 62.4 ಸೆಂ.ಮೀ. ಶಾಲೆಯ ಎರಡು ಸ್ಕೇಲು ಜೋಡಿಸಿದರೂ ಸಾಲದು!

ಇಷ್ಟುದ್ದದ ಜೀವ ಅಡಗೋದು ಹೇಗೆ? ಹಗಲೆಲ್ಲ ಕೊಂಬೆಯಂತೆ ಸುಮ್ಮನಿರುತ್ತೆ. ಗಾಳಿ ಬಂದರೆ ಎಲೆಯ ಹಾಗೆ ತೂಗುತ್ತೆ. ರಾತ್ರಿ ಮೇಯುತ್ತೆ. ಮೊಟ್ಟೆಯೂ ಬೀಜದ ಹಾಗೇ. ಕೆಲವು ಜಾತಿಗಳಲ್ಲಿ ಮೊಟ್ಟೆಯ ತುದಿಯಲ್ಲೊಂದು ತಿನ್ನುವ ಗುಬುಟು. ಇರುವೆಗಳು ಹೊತ್ತೊಯ್ದು ಅದನ್ನಷ್ಟೇ ತಿಂದು, ಮೊಟ್ಟೆಯನ್ನ ಗೂಡಲ್ಲೇ ಬಿಡುತ್ತವೆ. ಪುಕ್ಕಟೆ ಸೆಕ್ಯೂರಿಟಿ!

ಅಪಾಯ ಬಂದರೆ ಅಲ್ಲಾಡಬೇಡ. ಇದು ಅದರ ಕೋಡ್. ಹಕ್ಕಿಯ ಕಣ್ಣಿಗೆ ಸರಿ. ಗರಗಸಕ್ಕೆ?

2019ರ ಅಕ್ಟೋಬರ್ 4ರ ರಾತ್ರಿ ಆರೆಯಲ್ಲಿ ಮೆಟ್ರೋ ಕಾರ್ ಶೆಡ್‌ಗಾಗಿ ಮರ ಕಡಿಯೋಕೆ ಶುರು ಮಾಡಿದರು. 7ರಂದು ಸುಪ್ರೀಂ ಕೋರ್ಟ್ ತಡೆಯುವಷ್ಟರಲ್ಲಿ 2,000ಕ್ಕೂ ಹೆಚ್ಚು ಮರ ಹೋಗಿದ್ದವು. ಕಡ್ಡಿಹುಳ ಮೇಯುವ ಹೊತ್ತೇ ಅದು. ಮರಕ್ಕೆ ಬದಲು ಇನ್ನೆಲ್ಲೋ ಸಸಿ ನೆಡಬಹುದು. ರೆಕ್ಕೆಯಿಲ್ಲದ ಹುಳ ಅಲ್ಲಿಗೆ ಹೇಗೆ ಹೋಗುತ್ತೆ?

ಸತ್ಯ ಹೇಳಿಬಿಡ್ತೀನಿ. 2024ರ ಅಕ್ಟೋಬರ್‌ನಲ್ಲಿ ಆ ಮೆಟ್ರೋ ಶುರುವಾದಾಗಿಂದ ನಾನೂ ಅದರಲ್ಲೇ ಬಿಕೆಸಿ ಆಫೀಸಿಗೆ ಹೋಗ್ತೀನಿ. ಎಸಿ ಬೋಗಿ, ಟ್ರಾಫಿಕ್ ಇಲ್ಲ, ಸಂಜೆ ಬೇಗ ಮನೆ. ಮೆಟ್ರೋ ಬೇಡ ಅನ್ನೋಕೆ ನನಗೆ ಬಾಯಿಲ್ಲ. ಆದರೆ ನಾವು ಮರ ಎಣಿಸುವಾಗ ಬರೀ ಮರ ಎಣಿಸ್ತೀವಿ. ಕಾಣದ್ದು ಲೆಕ್ಕಕ್ಕೇ ಬರೋದಿಲ್ಲ.

ಅದಕ್ಕೇ ಒಂದು ವಿನಂತಿ. ಮಳೆಗಾಲದಲ್ಲಿ ಒಂದು ರಾತ್ರಿ ಮಕ್ಕಳ ಜೊತೆ ಟಾರ್ಚ್ ಹಿಡಿದು ನಿಮ್ಮ ಸೊಸೈಟಿ ಗಿಡಗಳನ್ನ ನೋಡಿ. ಕಡ್ಡಿಹುಳ ಕಂಡರೆ ಮುಟ್ಟಬೇಡಿ. ಫೋಟೋ ತೆಗೆದು, ದಿನ, ಜಾಗ ಸೇರಿಸಿ ಐನ್ಯಾಚುರಲಿಸ್ಟ್‌ಗೆ ಹಾಕಿ. ಅಡಗಿ ಬದುಕೋ ಜೀವಕ್ಕೆ ಲೆಕ್ಕದ ಪುಸ್ತಕದಲ್ಲಾದ್ರೂ ಒಂದು ಸಾಲು ಸಿಗಲಿ.