ಅರಿವಳಿಕೆ ವೈದ್ಯರ ಮೊದಲ ವರ್ಷ



ಮಾರಿಕುಪ್ಪಂನಿಂದ ಬಂಗಾರಪೇಟೆಯ ಕಡೆಗೆ ಬೆಳಗಿನ ರೈಲು ಹಿಡಿದು ಕಾಲೇಜಿಗೆ ಹೋಗುವವರು ನಿಮ್ಮಲ್ಲಿ ಇದ್ದೀರಿ. ಮುಂದೆ ವೈದ್ಯರಾಗಬೇಕೆಂದು ಬಯಸುವವರೂ ಇದ್ದೀರಿ. ವೈದ್ಯರೆಂದೊಡನೆ ನಮ್ಮ ಕಣ್ಣಿಗೆ ಕಟ್ಟುವುದು ಸ್ಟೆತಸ್ಕೋಪು, ಇಲ್ಲವೇ ಶಸ್ತ್ರಚಿಕಿತ್ಸಕರ ಚಾಕು. ದೂರದರ್ಶನದ ಕ್ಯಾಮೆರಾಕ್ಕೂ ಚಾಕುವೇ ಪ್ರಿಯ. ಮೇಜಿನ ತಲೆಯ ಬದಿಯಲ್ಲಿ ನಿಂತು ರೋಗಿಯ ಉಸಿರನ್ನು ಕಾಯುವ ಅರಿವಳಿಕೆ ವೈದ್ಯರ ಹೆಸರು ಎಷ್ಟೋ ವೇಳೆ ರೋಗಿಯ ಮನೆಯವರಿಗೂ ಗೊತ್ತಿರುವುದಿಲ್ಲ. ಆ ಕೆಲಸವನ್ನು ಅವರು ಕಲಿಯುವುದು ಹೇಗೆ? ಅದರಲ್ಲೂ ಮೊದಲನೆಯ ವರ್ಷ ಹೇಗಿರುತ್ತದೆ?

ಕೆ.ಜಿ.ಎಫ್.ನಿಂದ ಸುಮಾರು 30 ಕಿ.ಮೀ. ದೂರದಲ್ಲಿ, ಕೋಲಾರದ ಟಮಕದಲ್ಲಿ, 1986ರಲ್ಲಿ ಆರಂಭವಾದ ಶ್ರೀ ದೇವರಾಜ ಅರಸು ವೈದ್ಯಕೀಯ ಕಾಲೇಜು ಇದೆ. ಅದರ ಜೊತೆಗಿರುವುದು ಆರ್.ಎಲ್. ಜಾಲಪ್ಪ ಆಸ್ಪತ್ರೆ. ಎಂ.ಬಿ.ಬಿ.ಎಸ್. ಮುಗಿಸಿದವರು ಅಲ್ಲಿ ಅರಿವಳಿಕೆ ಶಾಸ್ತ್ರದಲ್ಲಿ ಎಂ.ಡಿ. ಮಾಡಬಹುದು, 3 ವರ್ಷಗಳ ವ್ಯಾಸಂಗ. ಈ ವಿದ್ಯಾರ್ಥಿಗಳಿಗೆ ರೆಸಿಡೆಂಟ್ ಎಂದು ಹೆಸರು. ಆಸ್ಪತ್ರೆಯ ಆಡುಮಾತಿನಲ್ಲಿ ಪಿ.ಜಿ. ಅವರ ಸ್ಥಿತಿ ಸ್ವಲ್ಪ ವಿಚಿತ್ರವಾದುದು. ಹೆಸರಿನ ಮುಂದೆ ಡಾಕ್ಟರ್ ಎಂದಿದೆ, ರೋಗಿ ಅವರನ್ನು ನಂಬಿ ಕಣ್ಣು ಮುಚ್ಚುತ್ತಾನೆ. ಆದರೆ ಈ ವಿದ್ಯೆಯ ಮಟ್ಟಿಗೆ ಅವರಿನ್ನೂ ಒಂದನೇ ತರಗತಿ. ಎಂ.ಬಿ.ಬಿ.ಎಸ್.ನಲ್ಲಿ ಅರಿವಳಿಕೆಗೆ ಸಿಗುವುದು ಕೆಲವೇ ದಿನಗಳು.

ಅವರು ತರಗತಿಯಲ್ಲಿ ಕಲಿಯುವ ಒಂದು ಪಾಠವನ್ನು ನೀವೇ ಲೆಕ್ಕ ಮಾಡಿ ನೋಡಬಹುದು. ಸಹಜವಾಗಿ ಉಸಿರು ಬಿಟ್ಟ ಮೇಲೂ ವಯಸ್ಕರ ಶ್ವಾಸಕೋಶದಲ್ಲಿ ಸುಮಾರು 2.5 ಲೀಟರ್ ಗಾಳಿ ಉಳಿದಿರುತ್ತದೆ. ಗಾಳಿಯಲ್ಲಿ ಆಮ್ಲಜನಕ ಶೇಕಡ 21 ಮಾತ್ರ. ಶ್ವಾಸಕೋಶದೊಳಗೆ ಅದು ಇನ್ನೂ ಕಡಿಮೆ. ಅಂದರೆ ಅಲ್ಲಿರುವ ಆಮ್ಲಜನಕ ಅರ್ಧ ಲೀಟರೂ ಆಗದು. ವಿಶ್ರಾಂತಿಯಲ್ಲಿರುವ ದೇಹ ನಿಮಿಷಕ್ಕೆ ಸುಮಾರು 250 ಮಿಲಿಲೀಟರ್ ಬಳಸುತ್ತದೆ. ಈಗ ರೋಗಿಗೆ ನಿದ್ರೆಯ ಮದ್ದು, ಸ್ನಾಯುಗಳನ್ನು ಸಡಿಲಿಸುವ ಮದ್ದು ಕೊಟ್ಟರು ಎನ್ನಿ. ಉಸಿರಾಟ ನಿಲ್ಲುತ್ತದೆ. ಶ್ವಾಸನಾಳಕ್ಕೆ ಕೊಳವೆ ಹಾಕಿ ಕೃತಕ ಉಸಿರು ಕೊಡುವವರೆಗೆ ಸಿಗುವ ಕಾಲ ಎಷ್ಟು? ಎರಡು ನಿಮಿಷವೂ ಇಲ್ಲ. ಆದರೆ ಮದ್ದು ಕೊಡುವ ಮೊದಲು 3 ನಿಮಿಷ ಮುಖವಾಡದ ಮೂಲಕ ಶುದ್ಧ ಆಮ್ಲಜನಕವನ್ನು ಉಸಿರಾಡಿಸಿದರೆ ಶ್ವಾಸಕೋಶದ ಸಾರಜನಕ ಹೊರಹೋಗಿ, ಆಮ್ಲಜನಕದ ಸಂಗ್ರಹ 2 ಲೀಟರ್ ದಾಟುತ್ತದೆ. 2000 ಅನ್ನು 250ರಿಂದ ಭಾಗಿಸಿ: 8 ನಿಮಿಷ. ಕೈ ಇನ್ನೂ ಪಳಗದ ಹೊಸಬರಿಗೂ, ಅವರ ಕೆಳಗೆ ಮಲಗಿರುವ ರೋಗಿಗೂ ಈ ಆರು ನಿಮಿಷಗಳು ದೊಡ್ಡ ವರ.

ಇನ್ನೊಂದು ಪಾಠ ನಿಮ್ಮ ಪಿ.ಯು.ಸಿ. ಭೌತಶಾಸ್ತ್ರದ್ದೇ. ಆಮ್ಲಜನಕದ ಸಿಲಿಂಡರಿನಲ್ಲಿ ಒತ್ತಡ ಅರ್ಧಕ್ಕೆ ಇಳಿದರೆ ಅನಿಲವೂ ಸರಿಸುಮಾರು ಅರ್ಧವಾಗಿದೆ ಎಂದರ್ಥ, ಬಾಯ್ಲನ ನಿಯಮ. ನೈಟ್ರಸ್ ಆಕ್ಸೈಡ್ ಹಾಗಲ್ಲ. ಅದು ಸಿಲಿಂಡರಿನಲ್ಲಿ ದ್ರವವಾಗಿರುತ್ತದೆ. ದ್ರವದ ಕೊನೆಯ ಹನಿ ಇರುವ ತನಕ ಮಾಪಕದ ಮುಳ್ಳು ಅಲುಗುವುದಿಲ್ಲ, ಆಮೇಲೆ ಒಮ್ಮೆಲೇ ಬೀಳುತ್ತದೆ. ಎಷ್ಟು ಉಳಿದಿದೆಯೆಂದು ತಿಳಿಯಲು ತೂಕ ಮಾಡಬೇಕು. ಪರೀಕ್ಷೆಗೆಂದು ಬಾಯಿಪಾಠ ಮಾಡಿ ಮರೆತ ನಿಯಮ ಇಲ್ಲಿ ಮನುಷ್ಯನ ಉಸಿರಾಗಿ ಎದುರು ನಿಲ್ಲುತ್ತದೆ.

ಇವಲ್ಲದೆ ವಿಚಾರಗೋಷ್ಠಿ, ಹೊಸ ಸಂಶೋಧನಾ ಲೇಖನಗಳ ಚರ್ಚೆ, ಮಾಡಿದ ಕೆಲಸವನ್ನೆಲ್ಲ ಬರೆದಿಡುವ ಲಾಗ್ ಪುಸ್ತಕ, ಪ್ರಬಂಧ ಎಲ್ಲವೂ ಇರುತ್ತವೆ. ರಾತ್ರಿ ಪಾಳಿ ಮುಗಿಸಿ ಬಂದವರನ್ನು ಕತ್ತಲೆ ಕೋಣೆಯಲ್ಲಿ ಕೂರಿಸಿ ಒಂದು ಗಂಟೆ ಸ್ಲೈಡು ತೋರಿಸಿದರೆ ಅದು ಪಾಠವಲ್ಲ, ಅದೂ ಒಂದು ಬಗೆಯ ಅರಿವಳಿಕೆಯೇ. ನಾಳೆ ಮೇಜಿನ ಮೇಲೆ ಮಲಗುವ ರೋಗಿಯನ್ನೇ ಮುಂದಿಟ್ಟುಕೊಂಡು, ಇವರಿಗೆ ಹೃದಯದ ತೊಂದರೆಯಿದೆ, ಏನು ಮಾಡುವೆ ಎಂದು ಕೇಳುವ ಇಪ್ಪತ್ತು ನಿಮಿಷದ ತರಗತಿಯೇ ಮೇಲೆಂದು ನನಗೆ ತೋರುತ್ತದೆ.

ಆದರೆ ಲೆಕ್ಕ ಗೊತ್ತಿದ್ದ ಮಾತ್ರಕ್ಕೆ ಕೈ ನಡುಗದಿರುವುದಿಲ್ಲ. ಬಾಸ್ಟನ್ ನಗರದಲ್ಲಿ ಜೆಫ್ರಿ ಕೂಪರ್ ಎಂಬ ಎಂಜಿನಿಯರ್ ಮತ್ತು ಸಂಗಡಿಗರು ಅರಿವಳಿಕೆಯಲ್ಲಿ ತಪ್ಪಿಸಬಹುದಾಗಿದ್ದ 359 ಪ್ರಸಂಗಗಳನ್ನು ಪರಿಶೀಲಿಸಿ 1978ರಲ್ಲಿ ಪ್ರಕಟಿಸಿದರು. ಅವುಗಳಲ್ಲಿ ಶೇಕಡ 82ರಲ್ಲಿ ಮನುಷ್ಯರ ತಪ್ಪೇ ಇತ್ತು; ಯಂತ್ರ ಕೆಟ್ಟದ್ದು ಕಡಿಮೆ. ದಣಿವು, ಆತುರ, ಅನುಭವದ ಕೊರತೆ ಇವು ತಪ್ಪಿನ ನೆರೆಹೊರೆ. ಆದ್ದರಿಂದ ಮೊದಲ ವರ್ಷದವರಿಗೆ ಪಾಠದಷ್ಟೇ ಬೇಕಾದುದು ಪಕ್ಕದಲ್ಲೊಬ್ಬ ಹಿರಿಯರು.

ಕೆ.ಜಿ.ಎಫ್.ನ ಮಕ್ಕಳಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಮೈಸೂರು ಮೈನ್ಸ್, ಚಾಂಪಿಯನ್ ರೀಫ್ಸ್, ನಂದಿದುರ್ಗ ಗಣಿಗಳ ಕೆಲಸ 2001ರ ಫೆಬ್ರವರಿ 28ರಂದು ನಿಂತಿತು. ಚಾಂಪಿಯನ್ ರೀಫ್ಸ್ 3 ಕಿ.ಮೀ.ಗಿಂತ ಆಳವಾಗಿತ್ತು. ಅಷ್ಟು ಕೆಳಗಿದ್ದವರಿಗೆ ಗಾಳಿ ಮೇಲಿನಿಂದ ಹೋಗಬೇಕು. ಕೆಳಗಿನವರ ಉಸಿರು ಮೇಲಿನವರ ಹೊಣೆ. ಗಣಿಗೆ ಇಳಿದಿದ್ದ ತಾತಂದಿರು ನಿಮ್ಮ ಮನೆಯಲ್ಲಿದ್ದರೆ ಕೇಳಿ: ಮೊದಲ ದಿನ ಒಬ್ಬರೇ ಇಳಿದಿರಾ, ಜೊತೆಗೆ ಯಾರಿದ್ದರು?

ಒಂದು ಅರಿವಳಿಕೆ ವಿಭಾಗ ಹೇಗಿದೆಯೆಂದು ತಿಳಿಯಲು ನಾನಾದರೆ ಅಲ್ಲಿನ ಪುಸ್ತಕ ಭಂಡಾರ ನೋಡುವುದಿಲ್ಲ. ರಾತ್ರಿ ಎರಡು ಗಂಟೆಗೆ ಕಿರಿಯರು ಫೋನ್ ಮಾಡಿದರೆ ಹಿರಿಯರು ಏನೆನ್ನುತ್ತಾರೆ ಎಂದು ಕೇಳುತ್ತೇನೆ. "ಇಷ್ಟಕ್ಕೆಲ್ಲ ಎಬ್ಬಿಸುತ್ತೀಯಾ?" ಎಂದು ಒಮ್ಮೆ ಗದರಿಸಿದರೆ ಸಾಕು, ಆ ಹುಡುಗ ಅಥವಾ ಹುಡುಗಿ ಮುಂದಿನ ಸಲ ಐದು ನಿಮಿಷ ತಡಮಾಡಿ ಕರೆಯುತ್ತಾರೆ. ಐದು ನಿಮಿಷ ಎಂದರೆ ಎಷ್ಟೆಂದು ಈಗ ನಿಮಗೆ ಗೊತ್ತಿದೆ. ರೋಗಿಯೊಬ್ಬರು ಕೈಯಲ್ಲೇ ತೀರಿಕೊಂಡ ದಿನ ಆ ಕಿರಿಯ ವೈದ್ಯರ ಜೊತೆ ಕೂತು ಮಾತನಾಡುವವರು ಇರಬೇಕು. ಅವರನ್ನು ಮರುಕ್ಷಣವೇ ಮುಂದಿನ ಮೇಜಿಗೆ ಅಟ್ಟಬಾರದು.

ಕಾಯಿದೆಯೂ ನಿಧಾನವಾಗಿ ಈ ಕಡೆಗೆ ತಿರುಗಿದೆ. ರಾಷ್ಟ್ರೀಯ ವೈದ್ಯಕೀಯ ಆಯೋಗದ 2023ರ ಸ್ನಾತಕೋತ್ತರ ನಿಯಮಗಳು ದುಡಿಮೆಯ ಅವಧಿ ನ್ಯಾಯವಾಗಿರಬೇಕು, ದಿನವೂ ವಿಶ್ರಾಂತಿಗೆ ಸಮಯವಿರಬೇಕು, ವಾರಕ್ಕೊಂದು ರಜೆ ಇರಬೇಕು ಎನ್ನುತ್ತವೆ. ನ್ಯಾಯವಾದ ಅವಧಿಯೆಂದರೆ ಎಷ್ಟು ಗಂಟೆ ಎಂಬುದನ್ನು ಮಾತ್ರ ಬರೆದಿಲ್ಲ. ಆಯೋಗ ಜಾರಿಗೆ ತಂದಿರುವ ಜಿಲ್ಲಾ ರೆಸಿಡೆನ್ಸಿ ಯೋಜನೆಯಂತೆ ಪ್ರತಿಯೊಬ್ಬ ಪಿ.ಜಿ. 3 ತಿಂಗಳು ಜಿಲ್ಲಾ ಮಟ್ಟದ ಆಸ್ಪತ್ರೆಯಲ್ಲಿ ಕೆಲಸ ಮಾಡಬೇಕು. ಅದು ಮೂರರಿಂದ ಐದನೆಯ ಸೆಮಿಸ್ಟರಿನ ನಡುವೆ. ಮೊದಲ ವರ್ಷದವರನ್ನು ಕಳಿಸುವುದಿಲ್ಲ.

ಅಲ್ಲಿ ತುರ್ತು ಸಿಸೇರಿಯನ್ ಬರುತ್ತದೆ. ಹೆಚ್ಚಿನವು ಬೆನ್ನಿಗೆ ಕೊಡುವ ಚುಚ್ಚುಮದ್ದಿನಲ್ಲೇ ಆಗುತ್ತವೆ. ರಕ್ತಸ್ರಾವ ಬಹಳವಿದ್ದರೆ ಪೂರ್ಣ ಅರಿವಳಿಕೆಯೇ ಬೇಕಾಗಬಹುದು. ದಿನ ತುಂಬಿದ ಬಸುರಿಯಲ್ಲಿ ಶ್ವಾಸಕೋಶದ ಆ ಸಂಗ್ರಹ ಸುಮಾರು ಐದನೆಯ ಒಂದು ಭಾಗ ಕಡಿಮೆ, ಆಮ್ಲಜನಕದ ಖರ್ಚು ಹೆಚ್ಚುಕಡಿಮೆ ಅಷ್ಟೇ ಜಾಸ್ತಿ. ಮೇಲಿನ 8 ನಿಮಿಷ ಅವಳ ಪಾಲಿಗೆ ಎಷ್ಟಾಗುತ್ತದೆ, ನೀವೇ ಲೆಕ್ಕ ಹಾಕಿ.