ದುಡಿಮೆಯ ಒತ್ತಡ ಮತ್ತು ರಕ್ತದ ಒತ್ತಡ



ನಮ್ಮ ಆಡುಮಾತಿನಲ್ಲಿ ಬಿ.ಪಿ. ಎಂಬುದು ಸಿಟ್ಟಿನ ಇನ್ನೊಂದು ಹೆಸರಾಗಿಬಿಟ್ಟಿದೆ. ‘ನನ್ನ ಬಿ.ಪಿ. ಏರಿಸಬೇಡ’ ಎಂದು ತಂದೆ ಮಗನನ್ನು ಗದರುತ್ತಾನೆ. ಇದರಿಂದ ಒಂದು ಅಪಾಯಕಾರಿ ತಪ್ಪು ಕಲ್ಪನೆ ಬೆಳೆದಿದೆ. ರಕ್ತದೊತ್ತಡವು ಕೋಪಿಷ್ಠರ ಕಾಯಿಲೆ, ಎಲ್ಲವನ್ನೂ ನುಂಗಿಕೊಂಡು ಮೌನವಾಗಿ ದುಡಿಯುವವರಿಗೆ ಅದು ಬಾರದು ಎಂದು ನಾವು ನಂಬಿದ್ದೇವೆ. ವಾಸ್ತವ ಹಾಗಿಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನಿಂದ ನಡೆದು 2023ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ ದೇಶದ ವಯಸ್ಕರಲ್ಲಿ ಶೇ. 35.5ರಷ್ಟು ಮಂದಿಗೆ ಅಧಿಕ ರಕ್ತದೊತ್ತಡವಿದೆ. ಅಂದರೆ ಮೂವರಲ್ಲಿ ಒಬ್ಬರಿಗಿಂತಲೂ ಹೆಚ್ಚು. ಅವರೆಲ್ಲರೂ ಕೋಪಿಷ್ಠರೇ?

ದುಡಿಮೆಗೂ ಈ ಕಾಯಿಲೆಗೂ ಇರುವ ನಂಟನ್ನು ತಿಳಿಯಲು ನಾವು ದೂರ ಹೋಗಬೇಕಾಗಿಲ್ಲ. ಸಂಡೂರಿನ ಅದಿರಿಗೆ ಚಿನ್ನದ ಬೆಲೆ ಬಂದಿದ್ದ ದಿನಗಳನ್ನು ನೆನಪಿಸಿಕೊಳ್ಳೋಣ. ಹೊಸಪೇಟೆಯ ರಸ್ತೆಗಳಲ್ಲಿ ಹಗಲು ರಾತ್ರಿಯೆನ್ನದೆ ಲಾರಿಗಳು ಓಡುತ್ತಿದ್ದವು. ಚಾಲಕರಿಗೆ ನಿದ್ದೆಯಿರಲಿಲ್ಲ. ಟ್ರಿಪ್ ಹೆಚ್ಚಾದಷ್ಟು ಸಂಪಾದನೆ ಎಂಬ ಲೆಕ್ಕದಲ್ಲಿ ಚಹಾ, ಬೀಡಿ, ಗುಟ್ಕಾಗಳೇ ಅವರ ಆಹಾರವಾದವು. ಎಷ್ಟೋ ಕುಟುಂಬಗಳು ಸಾಲ ಮಾಡಿ ಲಾರಿ ಕೊಂಡವು. 2011ರ ಜುಲೈ 29ರಂದು ಸುಪ್ರೀಂ ಕೋರ್ಟ್ ಬಳ್ಳಾರಿ ಜಿಲ್ಲೆಯಲ್ಲಿ ಗಣಿಗಾರಿಕೆಯನ್ನು ತಡೆಯಿತು. ಅಕ್ರಮಕ್ಕೆ ಕಡಿವಾಣ ಬೀಳಲೇಬೇಕಿತ್ತು, ಅದರಲ್ಲಿ ಎರಡು ಮಾತಿಲ್ಲ. ಆದರೆ ಲಾರಿ ನಿಂತರೂ ಸಾಲದ ಕಂತು ನಿಲ್ಲಲಿಲ್ಲ. ನಿನ್ನೆಯವರೆಗೆ ನಿದ್ದೆಗೆಟ್ಟು ದುಡಿದವನು ಇಂದು ದುಡಿಮೆಯಿಲ್ಲದೆ ನಿದ್ದೆಗೆಟ್ಟನು. ಗಣಿ ಧಣಿಗಳ ಲಾಭನಷ್ಟದ ಲೆಕ್ಕ ಪತ್ರಿಕೆಗಳಲ್ಲಿ ಬಂತು. ಈ ಚಾಲಕನ ರಕ್ತನಾಳಗಳ ಲೆಕ್ಕವನ್ನು ಬರೆದವರು ಯಾರು?

ಕಂಪ್ಲಿಯ ರೈತನನ್ನು ನೋಡಿರಿ. 2024ರ ಆಗಸ್ಟ್‌ನಲ್ಲಿ ತುಂಗಭದ್ರಾ ಜಲಾಶಯದ 19ನೇ ಕ್ರೆಸ್ಟ್ ಗೇಟ್ ಕೊಚ್ಚಿಹೋದಾಗ ನದಿಗೆ ಹರಿದದ್ದು ಅವನ ಭತ್ತದ ಭರವಸೆ. ಹಂಪಿಯ ಆಟೋ ಚಾಲಕನನ್ನು ನೋಡಿರಿ. 2020ರಲ್ಲಿ ಕೊರೋನಾದಿಂದಾಗಿ ಸ್ಮಾರಕಗಳ ಬಾಗಿಲು ಮುಚ್ಚಿದಾಗ ಅವನ ಒಲೆಯೂ ಆರಿತು. ಇವರೆಲ್ಲರ ಕಷ್ಟದಲ್ಲಿ ಒಂದು ಸಮಾನ ಅಂಶವಿದೆ. ಹೊಣೆಯೆಲ್ಲ ತನ್ನ ಮೇಲೆ, ಹಿಡಿತ ಮಾತ್ರ ಬೇರೆಯವರ ಕೈಯಲ್ಲಿ. ಬೇಡಿಕೆ ಹೆಚ್ಚಿದ್ದು ಸ್ವಾತಂತ್ರ್ಯ ಕಡಿಮೆಯಿರುವ ದುಡಿಮೆಯೇ ದೇಹಕ್ಕೆ ಅತಿ ಹೆಚ್ಚು ಹಾನಿಕರವೆಂದು ಈ ವಿಷಯದ ತಜ್ಞರು 1970ರ ದಶಕದಿಂದಲೂ ಹೇಳುತ್ತಾ ಬಂದಿದ್ದಾರೆ.

ದೇಹದೊಳಗೆ ನಡೆಯುವುದೇನು? ಆತಂಕವಾದಾಗ ಅಡ್ರಿನಲಿನ್ ಮುಂತಾದ ಹಾರ್ಮೋನುಗಳು ರಕ್ತಕ್ಕೆ ಸೇರುತ್ತವೆ. ಹೃದಯದ ಬಡಿತ ಹೆಚ್ಚುತ್ತದೆ, ರಕ್ತನಾಳಗಳು ಕಿರಿದಾಗುತ್ತವೆ, ಒತ್ತಡ ಏರುತ್ತದೆ. ಆತಂಕ ಕಳೆದರೆ ಅದು ಇಳಿಯುತ್ತದೆ. ಇದು ಸಹಜ. ರಾತ್ರಿ ನಿದ್ದೆಯಲ್ಲಂತೂ ರಕ್ತದೊತ್ತಡವು ಹಗಲಿಗಿಂತ ಶೇ. 10ರಿಂದ 20ರಷ್ಟು ತಗ್ಗಿ ಹೃದಯಕ್ಕೆ ವಿಶ್ರಾಂತಿ ಸಿಗುತ್ತದೆ. ಆದರೆ ಚಿಂತೆ ಮುಗಿಯದಿದ್ದರೆ, ರಾತ್ರಿ ಪಾಳಿ ನಿದ್ದೆಯನ್ನು ಕಸಿದರೆ, ಈ ವಿಶ್ರಾಂತಿ ತಪ್ಪುತ್ತದೆ. ಕಾಲಕ್ರಮೇಣ ರಕ್ತನಾಳಗಳ ಗೋಡೆ ಗಡುಸಾಗುತ್ತದೆ. ಮಿದುಳು, ಹೃದಯ, ಮೂತ್ರಪಿಂಡಗಳು ಅದರ ಬೆಲೆ ತೆರುತ್ತವೆ. ಒತ್ತಡವೊಂದೇ ಕಾರಣವೆಂದು ನಾವು ಹೇಳುತ್ತಿಲ್ಲ. ವಯಸ್ಸು, ಅನುವಂಶೀಯತೆ, ಉಪ್ಪು, ಬೊಜ್ಜು, ತಂಬಾಕು ಎಲ್ಲವೂ ಕಾರಣಗಳೇ. ಆದರೆ ದಣಿದವನ ಕೈ ಬೀಡಿಯತ್ತ ಹೋಗುತ್ತದೆ, ಸಂಜೆಯ ಒಗ್ಗರಣೆ ಮಂಡಕ್ಕಿ, ಮಿರ್ಚಿಯತ್ತ ಹೋಗುತ್ತದೆ. ಹೀಗೆ ಒತ್ತಡವು ಇತರ ಕಾರಣಗಳನ್ನೂ ಕೈಹಿಡಿದು ಕರೆತರುತ್ತದೆ.

ವಾರಕ್ಕೆ 55 ಗಂಟೆ ಅಥವಾ ಅದಕ್ಕಿಂತ ಹೆಚ್ಚು ದುಡಿಯುವವರಿಗೆ ಪಾರ್ಶ್ವವಾಯುವಿನ ಅಪಾಯವು 35ರಿಂದ 40 ಗಂಟೆ ದುಡಿಯುವವರಿಗಿಂತ ಶೇ. 35ರಷ್ಟು ಹೆಚ್ಚೆಂದು ವಿಶ್ವ ಆರೋಗ್ಯ ಸಂಸ್ಥೆ ಮತ್ತು ಅಂತಾರಾಷ್ಟ್ರೀಯ ಕಾರ್ಮಿಕ ಸಂಸ್ಥೆಗಳು 2021ರಲ್ಲಿ ತಿಳಿಸಿದವು. ಅದರ ಬಳಿಕವೂ ನಮ್ಮ ದೇಶದಲ್ಲಿ ಕೇಳಿಬಂದ ಉಪದೇಶವೇನು? 2023ರಲ್ಲಿ ಇನ್ಫೋಸಿಸ್‌ನ ನಾರಾಯಣಮೂರ್ತಿಯವರು ಯುವಕರು ವಾರಕ್ಕೆ 70 ಗಂಟೆ ದುಡಿಯಲಿ ಎಂದರು. 2025ರಲ್ಲಿ ಎಲ್ ಅಂಡ್ ಟಿ ಅಧ್ಯಕ್ಷರು ಅದನ್ನು 90ಕ್ಕೆ ಏರಿಸಿದರು. ವಾರಕ್ಕೆ 48 ಗಂಟೆ ಎಂಬ ಮಿತಿಯನ್ನು 1948ರ ಕಾರ್ಖಾನೆ ಕಾಯ್ದೆಯ ಕಾಲದಲ್ಲೇ ಒಪ್ಪಿಕೊಂಡ ದೇಶವಿದು. ದೇಶ ಕಟ್ಟುವ ಕೈಗಳೇ ಕುಸಿದರೆ ಯಾವ ದೇಶವನ್ನು ಕಟ್ಟುವುದು?

ಇನ್ನು ನಮ್ಮ ಹೊಣೆ. ಅಧಿಕ ರಕ್ತದೊತ್ತಡ ಸಾಮಾನ್ಯವಾಗಿ ಯಾವ ಸೂಚನೆಯನ್ನೂ ಕೊಡುವುದಿಲ್ಲ. ತಲೆನೋವು ಬರಲಿ, ಆಮೇಲೆ ನೋಡೋಣ ಎಂದು ಕಾಯುವವನಿಗೆ ಕೆಲವೊಮ್ಮೆ ಪಾರ್ಶ್ವವಾಯುವೇ ಮೊದಲ ಸೂಚನೆಯಾಗುತ್ತದೆ. ಪರೀಕ್ಷೆಗೆ ಮುನ್ನ ಅರ್ಧ ಗಂಟೆ ಚಹಾ, ಬೀಡಿ ಬೇಡ. ಐದು ನಿಮಿಷ ಸುಮ್ಮನೆ ಕುಳಿತಿರಬೇಕು. ಬೇರೆ ಬೇರೆ ದಿನ ಅಳೆದಾಗಲೂ 140/90 ಅಥವಾ ಅದಕ್ಕಿಂತ ಹೆಚ್ಚಿದ್ದರೆ ವೈದ್ಯರ ಸಲಹೆ ಪಡೆಯಬೇಕು. ಸರಕಾರಿ ಆಸ್ಪತ್ರೆಗಳಲ್ಲಿ ಈ ಪರೀಕ್ಷೆಗೂ ಮಾತ್ರೆಗೂ ಹಣ ಕೊಡಬೇಕಾಗಿಲ್ಲ. ‘ಒಮ್ಮೆ ಶುರು ಮಾಡಿದರೆ ಜೀವನಪೂರ್ತಿ ನುಂಗಬೇಕಲ್ಲ’ ಎಂಬ ಭಯದಿಂದ ಮಾತ್ರೆ ಬಿಡುವವರು ನಮ್ಮಲ್ಲಿ ಬಹಳ. ಮಾತ್ರೆಯೊಂದಿಗೆ ಬದುಕುವುದು ಹೆಚ್ಚೋ, ಹಾಸಿಗೆ ಹಿಡಿದು ಬದುಕುವುದು ಹೆಚ್ಚೋ? ರಮಝಾನ್‌ನಲ್ಲಿ ಉಪವಾಸವೆಂದು ತಾವಾಗಿ ಔಷಧಿ ನಿಲ್ಲಿಸುವುದೂ ಸರಿಯಲ್ಲ. ಸಹರಿ ಮತ್ತು ಇಫ್ತಾರ್‌ಗೆ ಅದನ್ನು ಹೊಂದಿಸಿಕೊಳ್ಳುವ ಬಗ್ಗೆ ವೈದ್ಯರನ್ನು ಮೊದಲೇ ಕೇಳಿಕೊಳ್ಳಬೇಕು. ಉಪ್ಪು ದಿನಕ್ಕೆ ಒಬ್ಬರಿಗೆ 5 ಗ್ರಾಮ್, ಅಂದರೆ ಒಂದು ಚಹಾ ಚಮಚೆಗಿಂತ ಕಡಿಮೆಯಿರಲಿ. ಉಪ್ಪಿನಕಾಯಿ, ಹಪ್ಪಳದ ಉಪ್ಪೂ ಈ ಲೆಕ್ಕದೊಳಗೇ ಬರುತ್ತದೆ.

ಮಹಿಳೆಯರನ್ನು ಮರೆಯದಿರೋಣ. ಮನೆಯ ದುಡಿಮೆಗೆ ಪಾಳಿಯೂ ಇಲ್ಲ, ರಜೆಯೂ ಇಲ್ಲ. ಗಂಡನ ಮಾತ್ರೆಯನ್ನು ನೆನಪಿಟ್ಟು ಕೊಡುವ ಪತ್ನಿಯ ರಕ್ತದೊತ್ತಡವನ್ನು ನಾವು ಎಂದಾದರೂ ಅಳೆಸಿದ್ದೇವೆಯೇ?

ಕೊನೆಯದಾಗಿ ಎರಡು ವಿನಂತಿ. ಜುಮಾ ನಮಾಝಿನ ಬಳಿಕ ತಿಂಗಳಿಗೊಮ್ಮೆಯಾದರೂ ನಮ್ಮ ಮೊಹಲ್ಲಾಗಳಲ್ಲಿ ರಕ್ತದೊತ್ತಡದ ಪರೀಕ್ಷೆ ನಡೆಯಲಿ, ಅದು ಎಲ್ಲ ಧರ್ಮದ ನೆರೆಹೊರೆಯವರಿಗೂ ತೆರೆದಿರಲಿ. ಎರಡನೆಯದು, ನಮ್ಮಲ್ಲೂ ಅಂಗಡಿ, ಗ್ಯಾರೇಜು, ಲಾರಿಗಳ ಮಾಲಿಕರಿದ್ದಾರೆ. ಗಣಿ ಧಣಿಗಳನ್ನು ಪ್ರಶ್ನಿಸುವ ಮುನ್ನ ನಮ್ಮ ಕೈಕೆಳಗಿನ ಹುಡುಗ ನಿನ್ನೆ ರಾತ್ರಿ ಎಷ್ಟು ಗಂಟೆ ಮಲಗಿದ ಎಂದು ನಾವು ಕೇಳಿಕೊಳ್ಳೋಣ. ಸುಧಾರಣೆಯು ಅಲ್ಲಿಂದಲೇ ಆರಂಭವಾಗಲಿ.